ಗಾಣದ ಸಡಿಲು, ಗ್ರಹಚಕ್ರದ ಬಳುಕು: ಮುಡಬಿ ಪರಿಸರದ ಚಕ್ರತಂತ್ರವನ್ನು ಕುರಿತು

1. ಪೀಠಿಕೆ

ಕನ್ನಡ ಜಾನಪದ ಅಧ್ಯಯನದಲ್ಲಿ ಬೀಸುವ ಕಲ್ಲಿಗಿಂತ ಬೀಸುವ ಪದಕ್ಕೆ, ಗಾಣಕ್ಕಿಂತ ಗಾಣದ ಹಾಡಿಗೆ ಹೆಚ್ಚಿನ ಸ್ಥಾನ ದೊರೆತಿದೆ. ಹಾಡು ಸಾಹಿತ್ಯವಾಯಿತು, ಸಂಕಲನವಾಯಿತು, ಪಠ್ಯವಾಯಿತು. ಹಾಡಿಗೆ ಲಯ ಕೊಟ್ಟ ಉಪಕರಣ ಮಾತ್ರ ವಸ್ತುಸಂಗ್ರಹಾಲಯದ ಮೂಲೆಯಲ್ಲಿ, ಹೆಸರಿನ ಚೀಟಿಯೊಂದರ ಆಸರೆಯಲ್ಲಿ ನಿಂತಿದೆ. ಈ ಮಾತು ಅನ್ಯರ ಮೇಲಿನ ಆಕ್ಷೇಪವಲ್ಲ. ಪಿಎಚ್.ಡಿ. ಪದವಿಗಾಗಿ ಕ್ಷೇತ್ರಕಾರ್ಯ ನಡೆಸುತ್ತಿದ್ದ ದಿನಗಳಲ್ಲಿ ಮುಡಬಿ ಭಾಗದ ವಯೋವೃದ್ಧ ಬಡಿಗರೊಬ್ಬರ ಬಳಿ ಗಾಣದ ಹಾಡು ಕೇಳಲು ಹೋಗಿದ್ದೆ. ಹಾಡನ್ನು ಮನೆಯ ಹೆಣ್ಣುಮಕ್ಕಳಲ್ಲಿ ಕೇಳಬೇಕೆಂದೂ ತಮ್ಮಲ್ಲಿ ಕೇಳುವುದಿದ್ದರೆ ಹಲ್ಲಿನ ವಿಚಾರ ಕೇಳಬೇಕೆಂದೂ ಅವರು ಸೂಚಿಸಿದ್ದರು. ನಾನು ಹಾಡನ್ನೇ ಬರೆದುಕೊಂಡು ಬಂದೆ. ಆ ಹಿರಿಯರು ಈಗ ಇಲ್ಲ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಹಲ್ಲಿನ ಬಗ್ಗೆ ಇರುವುದು ಒಂದೇ ಸಾಲು: ಬಿಗಿಯಾಗಿ ಕೂರಿಸಬಾರದು, ಸ್ವಲ್ಪ ಸಡಿಲು ಇರಬೇಕು.

ಆ ಒಂದು ಸಾಲಿನ ಅರ್ಥವನ್ನು ಅರಿಯುವ ಪ್ರಯತ್ನವೇ ಪ್ರಸ್ತುತ ಲೇಖನ. ಒಂದು ಹಲ್ಲುಚಕ್ರ ಇನ್ನೊಂದನ್ನು ತಿರುಗಿಸುವಾಗ ಹಲ್ಲಿನ ಮೇಲೆ ಬೀಳುವ ಭಾರವೆಷ್ಟು, ಆ ಭಾರವನ್ನು ತಾಳಿಕೊಳ್ಳಲು ಯಂತ್ರದ ಯಾವ ಭಾಗ ಎಷ್ಟು ಮಣಿಯಬೇಕು ಎಂಬುದು ಇಂದಿನ ಯಂತ್ರವಿಜ್ಞಾನದ ಗಂಭೀರ ಪ್ರಶ್ನೆ. ಪ್ಲಾನೆಟರಿ ಗಿಯರ್ ಎಂದು ಕರೆಯಲ್ಪಡುವ ಗ್ರಹಚಕ್ರ ವ್ಯವಸ್ಥೆಯಲ್ಲಿ ಈ ಪ್ರಶ್ನೆ ಅತ್ಯಂತ ಸೂಕ್ಷ್ಮ ರೂಪ ತಾಳುತ್ತದೆ. ಇದೇ ಪ್ರಶ್ನೆ ಮರದ ಗಾಣವನ್ನು ಕಡೆದ ಬಡಿಗನ ಮುಂದೆಯೂ ಇತ್ತು. ಆದರೆ ಪ್ರಶ್ನೆ ಒಂದೇ ಆಗಿತ್ತು ಎಂದಮಾತ್ರಕ್ಕೆ ಗ್ರಹಚಕ್ರವನ್ನು ನಮ್ಮ ಪೂರ್ವಿಕರೇ ಕಂಡುಹಿಡಿದಿದ್ದರು ಎಂದು ಸಾಧಿಸುವುದು ಇಲ್ಲಿಯ ಉದ್ದೇಶವಲ್ಲ. ಅಂಥ ವಾದ ಬಡಿಗನಿಗೂ ನ್ಯಾಯ ಒದಗಿಸದು, ಎಂಜಿನಿಯರನಿಗೂ ಒದಗಿಸದು.

2. ಮುಡಬಿ ಪರಿಸರ

ಮುಡಬಿ ಬೀದರ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನ ಹೋಬಳಿ ಕೇಂದ್ರ. ಬಸವಕಲ್ಯಾಣ ಮತ್ತು ಹುಮನಾಬಾದಗಳೆರಡರ ಒಡನಾಟದಲ್ಲಿ ಬೆಳೆದ ಈ ಪ್ರದೇಶದಲ್ಲಿ ಕನ್ನಡ, ಮರಾಠಿ, ದಖನಿ ಉರ್ದು ಮೂರೂ ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಜೋಳ, ತೊಗರಿ, ಉದ್ದುಗಳ ಜೊತೆಗೆ ನೀರಿನ ಆಸರೆಯಿದ್ದಲ್ಲಿ ಕಬ್ಬು ಇಲ್ಲಿಯ ಬೆಳೆ. ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರ ಕಲ್ಯಾಣವನ್ನು ಚಾಲುಕ್ಯರ ರಾಜಧಾನಿಯಾಗಿಸಿದ. ಹದಿನೈದನೆಯ ಶತಮಾನದಲ್ಲಿ ಬಹಮನಿಗಳ ರಾಜಧಾನಿ ಬೀದರಕ್ಕೆ ಬಂದಿತು. ಮುಂದೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ನೆಲ 1948ರ ಸೆಪ್ಟೆಂಬರಿನಲ್ಲಿ ಭಾರತದ ಒಕ್ಕೂಟಕ್ಕೂ, 1956ರ ನವೆಂಬರ್ 1ರಂದು ಏಕೀಕೃತ ಮೈಸೂರು ರಾಜ್ಯಕ್ಕೂ ಸೇರಿತು. ಅರಸುಮನೆತನಗಳು ಬದಲಾದಂತೆ ಅಳತೆ, ತೆರಿಗೆ, ಆಡಳಿತದ ಭಾಷೆ ಬದಲಾದವು. ಎತ್ತು ಗಾಣವನ್ನು ಸುತ್ತುವ ಕ್ರಮ ಮಾತ್ರ ದೀರ್ಘಕಾಲ ಬದಲಾಗಲಿಲ್ಲ.

ಗಾಣಕ್ಕೆ ಕರ್ನಾಟಕದ ಚರಿತ್ರೆಯಲ್ಲಿ ಖಚಿತವಾದ ಲಿಖಿತ ಸಾಕ್ಷ್ಯವಿದೆ. ಶಾಸನಗಳು ಗಾಣದೆರೆ, ಆಲೆದೆರೆಗಳನ್ನು ಉಲ್ಲೇಖಿಸುತ್ತವೆ. ದೇವಾಲಯದ ನಂದಾದೀಪಕ್ಕೆ ಗಾಣದ ಎಣ್ಣೆಯನ್ನು ದತ್ತಿಬಿಟ್ಟ ದಾಖಲೆಗಳೂ ವಿಪುಲವಾಗಿವೆ. ತೆರಿಗೆ ಬಿದ್ದದ್ದು ಯಂತ್ರದ ಮೇಲೆ ಎಂಬುದು ಗಮನಾರ್ಹ. ಪ್ರಭುತ್ವ ಗಾಣವನ್ನು ಉತ್ಪಾದನೆಯ ಒಂದು ಘಟಕವಾಗಿ ಎಣಿಸುತ್ತಿತ್ತು ಎಂಬುದಕ್ಕೆ ಇದು ಸಾಕ್ಷಿ. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣಚಳವಳಿ ಇದೇ ಉಪಕರಣಗಳಿಗೆ ಬೇರೊಂದು ಬಗೆಯ ಗೌರವ ತಂದಿತು. ಗಾಣದ ಕಣ್ಣಪ್ಪ, ಬಾಚಿಕಾಯಕದ ಬಸವಯ್ಯ ಎಂಬ ವಚನಕಾರರ ಹೆಸರುಗಳಲ್ಲಿ ವ್ಯಕ್ತಿಯನ್ನು ಗುರುತಿಸುವುದು ಅವನ ಉಪಕರಣದಿಂದ. ಒಬ್ಬನದು ಗಾಣ, ಇನ್ನೊಬ್ಬನದು ಮರ ಕೆತ್ತುವ ಬಾಚಿ. ಎರಡೂ ಕೂಡಿದಲ್ಲಿ ನಮ್ಮ ವಿಷಯ ಆರಂಭವಾಗುತ್ತದೆ.

3. ಮೂರು ಬಗೆಯ ಗಾಣ

ಉತ್ತರ ಕರ್ನಾಟಕದ ಬಳಕೆಯಲ್ಲಿ ‘ಗಾಣ’ ಎಂಬ ಒಂದೇ ಮಾತು ಮೂರು ಬೇರೆ ಯಂತ್ರಗಳನ್ನು ಸೂಚಿಸುತ್ತದೆ. ಇವುಗಳ ಚಲನೆಯ ಕ್ರಮ ಬೇರೆ ಬೇರೆಯಾದ್ದರಿಂದ ಒಂದೊಂದನ್ನೂ ಪ್ರತ್ಯೇಕವಾಗಿ ನೋಡಬೇಕಾಗುತ್ತದೆ.

ಮೊದಲನೆಯದು ಎಣ್ಣೆಗಾಣ. ನೆಲದಲ್ಲಿ ಹುಗಿದ ಒರಳು, ಅದರ ಗೋಡೆಗೆ ಒರಗಿ ಸುತ್ತುವ ಒತ್ತುಗೂಟ, ಗೂಟವನ್ನು ಅದುಮಿ ಹಿಡಿಯಲು ಭಾರ ಹೇರಿದ ಹಲಗೆ, ಹಲಗೆಯನ್ನು ಎಳೆಯುವ ಎತ್ತು ಇವು ಅದರ ಮುಖ್ಯ ಅಂಗಗಳು. ಇಲ್ಲಿ ಹಲ್ಲುಚಕ್ರವಿಲ್ಲ. ಆದರೂ ಒಂದು ಸೂಕ್ಷ್ಮವಿದೆ. ಒತ್ತುಗೂಟದ ತಲೆಯನ್ನು ಹಲಗೆಗೆ ಅಲುಗದಂತೆ ಬಿಗಿದಿರುವುದಿಲ್ಲ. ಒರಳಿನಲ್ಲಿ ಹಿಂಡಿ ದಪ್ಪವಾದಂತೆ ಗೂಟ ಒಳಕ್ಕೆ ಸರಿಯುತ್ತದೆ, ತೆಳುವಾದಂತೆ ಗೋಡೆಗೆ ಹತ್ತುತ್ತದೆ. ಭಾರ ಒಂದೇ ಇರುತ್ತದೆ, ಸ್ಥಾನ ಮಾತ್ರ ಬದಲಾಗುತ್ತದೆ.

ಎರಡನೆಯದು ಗಾರೆ ಅರೆಯುವ ಗಾಣ. ದುಂಡಾದ ಕಾಲುವೆಯೊಂದರಲ್ಲಿ ನಿಲ್ಲಿಸಿದ ಕಲ್ಲಿನ ಚಕ್ರ, ಚಕ್ರದ ನಡುವೆ ಹಾಯ್ದ ಮರದ ಅಚ್ಚು, ಅಚ್ಚಿನ ಒಳತುದಿಗೆ ನಡುಗಂಬ, ಹೊರತುದಿಗೆ ಎತ್ತು. ಸುಣ್ಣ, ಮರಳುಗಳನ್ನು ಅರೆದು ಗಾರೆ ಮಾಡುವ ಈ ಗಾಣವಿಲ್ಲದೆ ದಖ್ಖನಿನ ಕೋಟೆ, ಗುಂಬಜುಗಳ ಕಟ್ಟಡಕೆಲಸವನ್ನು ಊಹಿಸಲಾಗದು. ನಮ್ಮ ದೃಷ್ಟಿಯಿಂದ ಇದೇ ಹೆಚ್ಚು ಮಹತ್ವದ್ದು. ಇದರ ಕಲ್ಲುಚಕ್ರ ನಡುಗಂಬವನ್ನು ಸುತ್ತುತ್ತಲೇ ತನ್ನ ಅಚ್ಚಿನ ಸುತ್ತ ತಾನೂ ಉರುಳುತ್ತದೆ. ಕಾಲುವೆಯ ತ್ರಿಜ್ಯ 2 ಮೀಟರ್, ಚಕ್ರದ ತ್ರಿಜ್ಯ ಅರ್ಧ ಮೀಟರ್ ಎಂದು ಹಿಡಿದರೆ ಎತ್ತು ಒಂದು ಸುತ್ತು ಬರುವಷ್ಟರಲ್ಲಿ ಚಕ್ರ ಅಚ್ಚಿನ ಮೇಲೆ ನಾಲ್ಕು ಬಾರಿ ಉರುಳಿರುತ್ತದೆ. ಕೇಂದ್ರವನ್ನು ಸುತ್ತುತ್ತ ತಾನೂ ತಿರುಗುವುದು ಗ್ರಹದ ಚಲನೆ. ನಮ್ಮ ಗ್ರಹಗಣಿತದ ನೀಚೋಚ್ಚವೃತ್ತದ ಕಲ್ಪನೆಯೂ ವೃತ್ತದ ಮೇಲೆ ಚಲಿಸುವ ಇನ್ನೊಂದು ವೃತ್ತದ ಕಲ್ಪನೆಯೇ. ಆಧುನಿಕ ಗ್ರಹಚಕ್ರದಲ್ಲಿ ಎಲ್ಲ ಚಕ್ರಗಳ ಅಚ್ಚುಗಳು ಒಂದಕ್ಕೊಂದು ಸಮಾಂತರವಾಗಿರುತ್ತವೆ. ಗಾರೆಗಾಣದಲ್ಲಿ ಕಂಬ ನಿಂತಿದೆ, ಅಚ್ಚು ಮಲಗಿದೆ. ಇದು ಸಣ್ಣ ವ್ಯತ್ಯಾಸವೇನೂ ಅಲ್ಲ.

ಈ ಗಾಣದ ಅಚ್ಚನ್ನು ನಡುಗಂಬಕ್ಕೆ ಬಿಗಿಯಾಗಿ ಕಟ್ಟಿದರೆ ಏನಾಗುತ್ತದೆ? ಕಾಲುವೆಯಲ್ಲಿ ಸುಣ್ಣದ ಹೆಂಟೆಯೊಂದು ಅಡ್ಡ ಬಂದಾಗ ಚಕ್ರ ಮೇಲೇಳಲೇಬೇಕು. ಏಳಲು ಅವಕಾಶವಿಲ್ಲದಿದ್ದರೆ ಕಲ್ಲಿನ ತೂಕ ಮತ್ತು ಎತ್ತಿನ ಎಳೆತವೆರಡೂ ಅಚ್ಚಿನ ಮೇಲೆ ಬಿದ್ದು ಅಚ್ಚು ಮುರಿಯುತ್ತದೆ. ಆದ್ದರಿಂದ ಕಂಬದ ಬಳಿ ಅಚ್ಚು ಮೇಲೆ ಕೆಳಗೆ ಆಡುವಷ್ಟು ಜಾಗ ಅನಿವಾರ್ಯ. ಹೊರಗಿನಿಂದ ನೋಡುವವರಿಗೆ ಕೆಲಸಗಾರನ ಅಜಾಗರೂಕತೆಯಂತೆ ಕಾಣುವ ಈ ಸಡಿಲು ಯಂತ್ರದ ಪ್ರಾಣವನ್ನು ಉಳಿಸುವ ಉಪಾಯವಾಗಿದೆ.

ಮೂರನೆಯದು ಕಬ್ಬಿನ ಗಾಣ, ದಕ್ಷಿಣದ ಕಡೆ ಆಲೆ. ಗಡಿಭಾಗದ ಮರಾಠಿಯಲ್ಲಿ ಇದನ್ನು ಚರಕ ಎನ್ನುತ್ತಾರೆ. ಕಬ್ಬನ್ನು ಒರಳಿನಲ್ಲಿ ಅರೆಯುವ ಹಳೆಯ ಬಗೆಯೂ, ಉರುಳೆಗಳ ನಡುವೆ ಹಿಂಡುವ ಬಗೆಯೂ ಭಾರತದಲ್ಲಿ ಬಳಕೆಯಲ್ಲಿದ್ದವು. ಹಲ್ಲುಚಕ್ರ ಬರುವುದು ಎರಡನೆಯ ಬಗೆಯಲ್ಲಿ. ಎರಡು ಸಮಾಂತರ ಉರುಳೆಗಳ ತುದಿಯಲ್ಲಿ ಓರೆಯಾದ ಸುರುಳಿಹಲ್ಲು ಕೊರೆದು, ಒಂದು ಉರುಳೆ ಇನ್ನೊಂದನ್ನು ಎದುರು ದಿಕ್ಕಿಗೆ ತಿರುಗಿಸುವಂತೆ ಮಾಡುವ ತಂತ್ರವನ್ನು ಹತ್ತಿ ಬಿಡಿಸುವ ಚರಖಿಯಲ್ಲಿಯೂ ಕಾಣಬಹುದು. ಜೋಸೆಫ್ ನೀಢಮ್, ಇರ್ಫಾನ್ ಹಬೀಬ್ ಮೊದಲಾದ ತಂತ್ರಜ್ಞಾನ ಚರಿತ್ರಕಾರರು ಈ ಸುರುಳಿಹಲ್ಲಿನ ಜೋಡಣೆಯನ್ನು ಭಾರತದ ವಿಶಿಷ್ಟ ಕೊಡುಗೆಯಾಗಿ ಚರ್ಚಿಸಿದ್ದಾರೆ.

1885ರಲ್ಲಿ ಪ್ರಕಟವಾದ ಬಾಂಬೆ ಪ್ರಾಂತದ ಪುಣೆ ಗೆಝೆಟಿಯರು ಇಂಥ ಗಾಣವೊಂದನ್ನು ವಿವರಿಸಿದೆ. ಅದರ ಪ್ರಕಾರ ಗಾಣ ಜಾಲಿ ಮರದ್ದು. ನಿಲ್ಲಿಸಿದ ಉರುಳೆಗಳ ವ್ಯಾಸ 15ರಿಂದ 18 ಅಂಗುಲ. ಮೇಲ್ಭಾಗದಲ್ಲಿ ಓರೆಹಲ್ಲುಗಳು ಒಂದರೊಳಗೊಂದು ಕೂಡಿಕೊಳ್ಳುತ್ತವೆ. ಉರುಳೆಗಳಿಗೆ ಅಲ್ಲಿಯ ಜನ ಇಟ್ಟ ಹೆಸರು ನವರಾ, ನವರಿ, ಎಂದರೆ ಮದುಮಗ, ಮದುಮಗಳು. ಜಾನಪದ ವಿದ್ಯಾರ್ಥಿಗೆ ಈ ಹೆಸರು ಬೆಲೆಯುಳ್ಳದ್ದು. ಎರಡು ಹಲ್ಲುಸಾಲುಗಳು ಒಂದರ ಸಂದಿಯಲ್ಲಿ ಇನ್ನೊಂದು ಕೂತು ಕೂಡಿ ತಿರುಗಬೇಕು. ಒಂದು ಮುನ್ನಡೆಸಬೇಕು, ಇನ್ನೊಂದು ಹೊಂದಿಕೊಳ್ಳಬೇಕು. ಸವೆದರೆ ಎರಡೂ ಸವೆಯಬೇಕು. ಯಂತ್ರಾಂಗಗಳ ಈ ಸಂಬಂಧವನ್ನು ಹಳ್ಳಿಯವರು ಮದುವೆಯ ನಂಟಿನಲ್ಲಿ ಹೇಳಿದರು. ಯುರೋಪಿನ ಎಂಜಿನಿಯರು ಅದನ್ನು ಆಕಾಶದಿಂದ ಪಡೆದ ಹೆಸರುಗಳಲ್ಲಿ, ಸೂರ್ಯ ಮತ್ತು ಗ್ರಹ ಎಂದು ಹೇಳಿದ. ಎರಡೂ ಕಡೆ ಹೆಸರು ಹುಟ್ಟಿದ್ದು ಬಿಡಿ ಭಾಗದ ಆಕಾರದಿಂದಲ್ಲ, ಭಾಗಗಳ ನಡುವಿನ ಸಂಬಂಧದಿಂದ.

4. ಹಲ್ಲಿನ ಮೇಲಿನ ಭಾರ

ಮೂರು ಉರುಳೆಗಳ ಗಾಣವೊಂದನ್ನು ಕಲ್ಪಿಸಿಕೊಳ್ಳೋಣ. ಒಂದು ಜೋಡಿ ಎತ್ತು 60 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲದಿಂದ ನಡುಗಂಬದಿಂದ 3 ಮೀಟರ್ ದೂರದಲ್ಲಿ ಎಳೆಯುತ್ತಿದೆ ಎಂದು ಹಿಡಿದರೆ ನಡುವಿನ ಉರುಳೆಯ ಮೇಲೆ ಬೀಳುವ ತಿರುಚುಬಲ 180 ಕಿಲೋಗ್ರಾಂ-ಮೀಟರ್ ಆಗುತ್ತದೆ. ಮೂರು ಉರುಳೆಗಳೂ ಕೆಲಸವನ್ನು ಸಮನಾಗಿ ಹಂಚಿಕೊಂಡರೆ ಪಕ್ಕದ ಒಂದೊಂದು ಉರುಳೆಗೆ 60ರ ಪಾಲು ಹೋಗಬೇಕು. ಉರುಳೆಯ ತ್ರಿಜ್ಯ 20 ಸೆಂಟಿಮೀಟರ್ ಆದಲ್ಲಿ ಹಲ್ಲುಗಳು ಕೂಡುವ ಸ್ಥಳದಲ್ಲಿ ಬೀಳುವ ಬಲ ಸುಮಾರು 300 ಕಿಲೋಗ್ರಾಂ. ಮೂರು ಚೀಲ ಜೋಳದ ತೂಕವನ್ನು ಅಂಗೈ ಅಗಲದ ಮರದ ಹಲ್ಲು ಹೊರುತ್ತದೆ. ಕಬ್ಬಿನ ಗಣ್ಣು ಅಡ್ಡ ಸಿಕ್ಕಿದಾಗ, ಎತ್ತು ಬೆದರಿ ಜಗ್ಗಿದಾಗ ಇದು ಕ್ಷಣಮಾತ್ರ ಇನ್ನೂ ಹೆಚ್ಚಾಗುತ್ತದೆ.

ಕನ್ನಡ ವಿಜ್ಞಾನ ಪಠ್ಯಗಳು ‘ಪೀಡನ’ ಎಂದು ಕರೆಯುವುದು ಈ ಬಲ ವಸ್ತುವಿನ ಒಳಗೆ ಹಂಚಿಹೋಗುವ ಪ್ರಮಾಣವನ್ನು. ಹಲ್ಲಿನ ಬುಡದಲ್ಲಿ ಒಂದು ಬದಿ ಎಳೆತಕ್ಕೂ ಇನ್ನೊಂದು ಬದಿ ಒತ್ತುವಿಕೆಗೂ ಒಳಗಾಗುತ್ತದೆ. ಎರಡು ಹಲ್ಲುಗಳು ತಾಗುವ ಮೇಲ್ಮೈಯಲ್ಲಿ ಬೇರೊಂದು ಬಗೆಯ ಪೀಡನವಿರುತ್ತದೆ. ಹೈನ್ರಿಖ್ ಹರ್ಟ್ಸ್ 1882ರಲ್ಲಿ ಈ ತಾಗುಪೀಡನದ ಗಣಿತವನ್ನು ಪ್ರಕಟಿಸಿದ. ವಿಲ್ಫ್ರೆಡ್ ಲೂಯಿಸ್ 1892ರಲ್ಲಿ ಫಿಲಡೆಲ್ಫಿಯದಲ್ಲಿ ಹಲ್ಲನ್ನು ಗೋಡೆಯಿಂದ ಚಾಚಿದ ತೊಲೆಯಂತೆ ಭಾವಿಸಿ ಬುಡದ ಬಾಗುಪೀಡನಕ್ಕೆ ಸೂತ್ರ ನೀಡಿದ. ಪುಣೆಯ ಜಾಲಿಗಾಣವನ್ನು ಗೆಝೆಟಿಯರು ದಾಖಲಿಸಿದ ಕಾಲವೂ ಈ ಸೂತ್ರಗಳು ಮೂಡಿದ ಕಾಲವೂ ಒಂದೇ ದಶಕದ ಆಚೀಚೆ ಎಂಬುದು ಕುತೂಹಲಕರ.

ಸೂತ್ರವಿಲ್ಲದ ಬಡಿಗನಿಗೆ ಆಸರೆಯಾದದ್ದು ಮರದ ಸ್ವಭಾವ. ಎಳೆಯ ಉದ್ದಕ್ಕೂ ಮರ ಉಕ್ಕಿಗಿಂತ ಸುಮಾರು ಹದಿನೈದು ಇಪ್ಪತ್ತು ಪಟ್ಟು ಹೆಚ್ಚು ಮಣಿಯುತ್ತದೆ, ಅಡ್ಡಕ್ಕೆ ಇನ್ನೂ ಹೆಚ್ಚು. ಬಾಚಿಯಿಂದ ಕೆತ್ತಿದ ಹಲ್ಲುಗಳು ಒಂದರಂತೆ ಒಂದು ಇರುವುದು ಸಾಧ್ಯವಿಲ್ಲ. ಒಂದು ಹಲ್ಲು ಕೂದಲೆಳೆಯಷ್ಟು ದಪ್ಪವಾಗಿದ್ದರೆ ಮೊದಲು ಅದೇ ತಾಗುತ್ತದೆ. ಮರದ ಹಲ್ಲು ಮಣಿದು ಪಕ್ಕದ ಹಲ್ಲಿಗೂ ಭಾರ ದಾಟಿಸುತ್ತದೆ. ಕೆಲವು ದಿನ ತಿರುಗಿದ ಮೇಲೆ ಉಬ್ಬು ಸವೆದು ಹಲ್ಲುಗಳು ಹೊಂದಿಕೊಳ್ಳುತ್ತವೆ. ಯುರೋಪಿನ ಗಿರಣಿಗಳಲ್ಲಿಯೂ ಕಬ್ಬಿಣದ ಚಕ್ರಕ್ಕೆ ಮರದ ಹಲ್ಲುಗಳನ್ನು ಕೂಡಿಸುವ ಪದ್ಧತಿ ಹತ್ತೊಂಬತ್ತನೆಯ ಶತಮಾನದವರೆಗೆ ಬಳಕೆಯಲ್ಲಿತ್ತು. ಸದ್ದು ಕಡಿಮೆ, ಪೆಟ್ಟು ತಾಳುವ ಗುಣ ಹೆಚ್ಚು, ಮುರಿದರೆ ಒಂದೇ ಹಲ್ಲನ್ನು ಬದಲಿಸಬಹುದು ಎಂಬುವು ಅದಕ್ಕೆ ಕಾರಣ. ಅಂದಮೇಲೆ ಮರದ ಮಣಿಯುವ ಗುಣವನ್ನು ದುಡಿಸಿಕೊಳ್ಳುವುದು ಒಂದು ನಾಡಿನ ಗುಟ್ಟಲ್ಲ. ಮರವನ್ನು ಕೈಯಾರೆ ಬಲ್ಲ ಕಸುಬುದಾರರೆಲ್ಲರ ಸಮಾನ ಅರಿವು.

5. ಕಬ್ಬಿಣದ ಗಾಣದ ಆಗಮನ

1870ರ ದಶಕದಲ್ಲಿ ಬಿಹಾರದ ಶಾಹಾಬಾದ್ ಜಿಲ್ಲೆಯ ಬಿಹಿಯಾದಲ್ಲಿ ಥಾಮ್ಸನ್ ಮತ್ತು ಮಿಲ್ನೆ ಎಂಬುವರು ಕಬ್ಬಿಣದ ಉರುಳೆಗಳ ಗಾಣವನ್ನು ರೂಪಿಸಿ ಮಾರುಕಟ್ಟೆಗೆ ತಂದರು. ‘ಬಿಹಿಯಾ ಗಾಣ’ ಎಂದೇ ಹೆಸರಾದ ಇದರ ಮಾದರಿಯವು ಮುಂದೆ ದೇಶದ ಬೇರೆ ಬೇರೆ ಕಡೆಗೂ ಹರಡಿದವು. ಬೆಳಗಾವಿಯಲ್ಲಿ 1888ರಲ್ಲಿ ಆರಂಭಗೊಂಡು 1910ರಲ್ಲಿ ಕಿರ್ಲೋಸ್ಕರವಾಡಿಗೆ ಸ್ಥಳಾಂತರಗೊಂಡ ಕಿರ್ಲೋಸ್ಕರ ಸಂಸ್ಥೆ ಕಬ್ಬಿಣದ ನೇಗಿಲು ಮೊದಲಾದ ಕೃಷಿ ಯಂತ್ರಗಳನ್ನು ಈ ಭಾಗದ ರೈತರ ಕೈಗೆ ತಂದಿತು.

ಕಬ್ಬಿಣದ ಗಾಣ ಹೆಚ್ಚು ರಸ ಹಿಂಡಿತು, ಹೊರಲು ಹಗುರವಾಯಿತು, ಒಂದು ಹೊಲದಿಂದ ಇನ್ನೊಂದಕ್ಕೆ ಸಾಗಿತು. ರೈತ ಅದನ್ನು ಆರಿಸಿಕೊಂಡದ್ದು ಸಕಾರಣವಾಗಿಯೇ. ಆದರೆ ಎರಕದ ಕಬ್ಬಿಣ ಒತ್ತಿದರೆ ತಾಳುತ್ತದೆ, ಎಳೆದರೆ ಬೇಗ ಬಿರಿಯುತ್ತದೆ. ಹಲ್ಲಿನ ಬುಡದಲ್ಲಿ ಇರುವುದು ಎಳೆತವೇ. ಮರದ ಹಲ್ಲು ಮುರಿಯುವ ಮೊದಲು ಕಿರುಗುಟ್ಟಿ ಸೂಚನೆ ಕೊಡುತ್ತದೆ, ಎರಕದ ಹಲ್ಲು ಸೂಚನೆ ಕೊಡದೆ ಮುರಿಯುತ್ತದೆ. ಮುರಿದ ಮರದ ಹಲ್ಲನ್ನು ಊರ ಬಡಿಗ ಕೆತ್ತಿಕೊಡುತ್ತಿದ್ದ, ಮುರಿದ ಎರಕದ ಚಕ್ರಕ್ಕೆ ಪೇಟೆಗೆ ಹೋಗಬೇಕಾಯಿತು. ಹೀಗೆ ಯಂತ್ರ ಬದಲಾದುದರ ಜೊತೆಗೆ ಯಂತ್ರದ ದುರಸ್ತಿಯ ಅಧಿಕಾರವೂ ಊರಿನಿಂದ ಹೊರಕ್ಕೆ ಸರಿಯಿತು. ಬಡಿಗನ ಮನೆಯಲ್ಲಿ ತಂದೆಯಿಂದ ಮಗನಿಗೆ ದಾಟುತ್ತಿದ್ದ ಅಳತೆಗಳು ದಾಟುವುದು ನಿಂತದ್ದು ಈ ಹಂತದಲ್ಲಿಯೇ.

6. ಗ್ರಹಚಕ್ರದ ರಚನೆ

ಜೇಮ್ಸ್ ವಾಟ್ 1781ರಲ್ಲಿ ಹಬೆಯಂತ್ರದ ತೊಲೆಯ ಏರಿಳಿತವನ್ನು ಸುತ್ತುಚಲನೆಯಾಗಿಸಲು ಸೂರ್ಯ-ಗ್ರಹ ಜೋಡಣೆಗೆ ಹಕ್ಕುಪತ್ರ ಪಡೆದ. ಇದರ ಕಲ್ಪನೆ ಅವನ ಸಹಾಯಕ ವಿಲಿಯಂ ಮರ್ಡಾಕನದು ಎನ್ನಲಾಗಿದೆ. ಇಂಥ ಚಕ್ರಸರಣಿಗಳ ಲೆಕ್ಕವನ್ನು ರಾಬರ್ಟ್ ವಿಲಿಸ್ 1841ರ ತನ್ನ ಯಂತ್ರತತ್ತ್ವದ ಗ್ರಂಥದಲ್ಲಿ ಕ್ರಮಬದ್ಧಗೊಳಿಸಿದ.

ಇಂದಿನ ಗ್ರಹಚಕ್ರ ವ್ಯವಸ್ಥೆಯಲ್ಲಿ ನಾಲ್ಕು ಅಂಗಗಳಿವೆ. ನಡುವೆ ಸೂರ್ಯಚಕ್ರ, ಅದರ ಸುತ್ತ ಮೂರೋ ನಾಲ್ಕೋ ಗ್ರಹಚಕ್ರಗಳು, ಅವೆಲ್ಲವನ್ನು ಹೊರಗಿನಿಂದ ಬಳಸಿದ, ಒಳಮುಖವಾಗಿ ಹಲ್ಲುಳ್ಳ ಬಳೆಚಕ್ರ, ಗ್ರಹಗಳ ಗೂಟಗಳನ್ನು ಹಿಡಿದಿರುವ ವಾಹಕ. ಸೂರ್ಯಕ್ಕೆ 24, ಗ್ರಹಕ್ಕೆ 24, ಬಳೆಗೆ 72 ಹಲ್ಲುಗಳಿವೆ ಎಂದುಕೊಂಡರೆ, ಬಳೆಯನ್ನು ಕದಲದಂತೆ ಹಿಡಿದಾಗ ಸೂರ್ಯ ನಾಲ್ಕು ಸುತ್ತು ತಿರುಗಿದರೆ ವಾಹಕ ಒಂದು ಸುತ್ತು ಬರುತ್ತದೆ. ವೇಗ ನಾಲ್ಕರಲ್ಲಿ ಒಂದು ಪಾಲಾಗುತ್ತದೆ, ತಿರುಚುಬಲ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಭಾರ ಹಲವು ಗ್ರಹಗಳಿಗೆ ಹಂಚಿಹೋಗುವುದರಿಂದ ಚಿಕ್ಕ ಜಾಗದಲ್ಲಿ ದೊಡ್ಡ ಕೆಲಸ ಸಾಧ್ಯ.

ಆದರೆ ಭಾರ ಸಮನಾಗಿ ಹಂಚಿಹೋಗುತ್ತದೆಯೆ? ವಾಹಕದಲ್ಲಿ ಒಂದು ಗ್ರಹದ ಗೂಟ ತನ್ನ ಸ್ಥಾನದಿಂದ 10 ಮೈಕ್ರಾನ್ ಮುಂದಕ್ಕೆ ಬಿದ್ದಿದೆ ಎಂದು ಭಾವಿಸೋಣ. ಇದು ತಲೆಗೂದಲಿನ ದಪ್ಪದ ಏಳರಲ್ಲಿ ಒಂದು ಪಾಲಿನಷ್ಟು. ಉಕ್ಕಿನ ಹಲ್ಲುಜೋಡಿಯನ್ನು ಒಂದು ಮೈಕ್ರಾನ್ ಬಾಗಿಸಲು ಹಲ್ಲಿನ ಅಗಲದ ಪ್ರತಿ ಮಿಲಿಮೀಟರಿಗೆ ಸುಮಾರು 20 ನ್ಯೂಟನ್ ಬೇಕೆಂಬುದು ವಿನ್ಯಾಸಕಾರರು ಬಳಸುವ ಸ್ಥೂಲ ಪ್ರಮಾಣ. ಹಲ್ಲು 50 ಮಿಲಿಮೀಟರ್ ಅಗಲವಿದ್ದು, ಗ್ರಹವು ಸೂರ್ಯ ಮತ್ತು ಬಳೆ ಎರಡರೊಡನೆಯೂ ಕೂಡಿರುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಉಳಿದೆಲ್ಲ ಭಾಗಗಳು ಕದಲದಿದ್ದಲ್ಲಿ ಆ 10 ಮೈಕ್ರಾನ್ ಒಂದೇ ಗ್ರಹದ ಮೇಲೆ ಸಾವಿರಾರು ನ್ಯೂಟನ್ ಹೆಚ್ಚುವರಿ ಬಲವನ್ನು ಹೇರುತ್ತದೆ. ಕಣ್ಣಿಗೆ ಕಾಣದ ತಪ್ಪು ಗಾಣದ ಇಡೀ ಹಲ್ಲುಭಾರವನ್ನು ಮೀರಿಸುತ್ತದೆ.

ಗ್ರಹಚಕ್ರದ ಹಲ್ಲಿಗೆ ಇನ್ನೊಂದು ಕಷ್ಟವಿದೆ. ಸೂರ್ಯದೊಡನೆ ಕೂಡುವಾಗ ಅದರ ಒಂದು ಮುಖಕ್ಕೆ, ಬಳೆಯೊಡನೆ ಕೂಡುವಾಗ ಇನ್ನೊಂದು ಮುಖಕ್ಕೆ ಭಾರ ಬೀಳುತ್ತದೆ. ಪ್ರತಿ ಸುತ್ತಿನಲ್ಲಿಯೂ ಹಲ್ಲಿನ ಬುಡ ಎರಡು ದಿಕ್ಕಿಗೂ ಬಾಗುತ್ತದೆ. ತಂತಿಯನ್ನು ಅತ್ತಿತ್ತ ಮಡಚಿ ಮುರಿಯುವಂತೆ, ಇಂಥ ಹಲ್ಲು ಬೇಗ ದಣಿಯುತ್ತದೆ. ಆದ್ದರಿಂದ ಇದರ ಬಾಗುಸಾಮರ್ಥ್ಯವನ್ನು ಒಂದೇ ದಿಕ್ಕಿಗೆ ಬಾಗುವ ಹಲ್ಲಿನ ಸುಮಾರು 70 ಶೇಕಡಾ ಎಂದು ಹಿಡಿಯುವುದು ರೂಢಿ.

7. ಸಡಿಲು ಮತ್ತು ಬಳುಕು

ಈ ಸಮಸ್ಯೆಗೆ ಯಂತ್ರವಿಜ್ಞಾನ ಕಂಡುಕೊಂಡ ಪರಿಹಾರಗಳನ್ನು ಎರಡು ವರ್ಗವಾಗಿ ವಿಂಗಡಿಸಬಹುದು. ಇದಕ್ಕೆ ಕನ್ನಡದಲ್ಲಿಯೇ ಎರಡು ಬೇರೆ ಮಾತುಗಳಿವೆ. ಒಂದು ‘ಸಡಿಲು’: ಭಾಗ ಗಟ್ಟಿಯೇ ಇದೆ, ಆದರೆ ಕದಲಲು ಜಾಗವಿದೆ. ಇನ್ನೊಂದು ‘ಬಳುಕು’: ಜಾಗವಿಲ್ಲ, ಭಾಗವೇ ಬಾಗಿ ಮತ್ತೆ ನೆಟ್ಟಗಾಗುತ್ತದೆ.

ಸಡಿಲಿನ ಪರಿಹಾರವೆಂದರೆ ಸೂರ್ಯಚಕ್ರವನ್ನು ಬೇರಿಂಗಿನಲ್ಲಿ ಬಿಗಿಯದೆ ಗ್ರಹಗಳ ನಡುವೆ ತೇಲಲು ಬಿಡುವುದು. ಮೂರು ಗ್ರಹಗಳಿದ್ದಲ್ಲಿ ಸೂರ್ಯ ತಾನೇ ಸರಿದು ಮೂವರ ಮೇಲಿನ ಬಲವೂ ಸಮವಾಗುವ ಸ್ಥಾನವನ್ನು ಹುಡುಕಿಕೊಳ್ಳುತ್ತದೆ. ಜರ್ಮನಿಯ ಸ್ಟೋಕಿಖ್ಟ್ ಇಂಥ ತೇಲುವ ಅಂಗಗಳ ವಿನ್ಯಾಸಕ್ಕೆ ಹೆಸರಾದವನು. ಮೂರು ಕಲ್ಲಿನ ಒಲೆಯನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಕಲ್ಲುಗಳು ಏರುಪೇರಾಗಿದ್ದರೂ ಗಡಿಗೆ ಮೂರರ ಮೇಲೂ ಕೂರುತ್ತದೆ. ನಾಲ್ಕನೆಯ ಕಲ್ಲು ಇಟ್ಟರೆ ಒಂದು ಕಲ್ಲು ಭಾರ ಹೊರದೆ ಉಳಿಯುತ್ತದೆ.

ಗ್ರಹಗಳು ನಾಲ್ಕು ಅಥವಾ ಹೆಚ್ಚಾದಾಗ ತೇಲುವ ಸೂರ್ಯವೊಂದೇ ಸಾಲದು. ಅಲ್ಲಿ ಬಳುಕು ಬೇಕು. ಬಳೆಚಕ್ರದ ಗೋಡೆಯನ್ನು ತೆಳುವಾಗಿಸಿದರೆ ಪ್ರತಿ ಗ್ರಹ ಹಾಯುವಾಗಲೂ ಬಳೆ ಸ್ವಲ್ಪ ಬಾಗಿ, ಮುಂದಿದ್ದ ಗ್ರಹದ ಹೆಚ್ಚುವರಿ ಭಾರವನ್ನು ಹಿಂದಿದ್ದವಕ್ಕೆ ಬಿಟ್ಟುಕೊಡುತ್ತದೆ. ಬ್ರಿಟನ್ನಿನ ರೇ ಹಿಕ್ಸ್ 1960ರ ದಶಕದಲ್ಲಿ ಗ್ರಹದ ಗೂಟವನ್ನೇ ಬಳುಕುವಂತೆ ರೂಪಿಸಿದ. ಗೂಟದ ಒಂದು ತುದಿ ವಾಹಕದಲ್ಲಿ ನಾಟಿರುತ್ತದೆ. ಇನ್ನೊಂದು ತುದಿಗೆ ಹಾಕಿದ ಕೊಳವೆ ಹಿಂದಕ್ಕೆ ಚಾಚಿ ಗ್ರಹವನ್ನು ಹೊರುತ್ತದೆ. ಗೂಟ ಒಂದು ಕಡೆ ವಾಲಿದರೆ ಕೊಳವೆ ಎದುರು ಕಡೆ ವಾಲಿ, ಗ್ರಹ ಓರೆಯಾಗದೆ ನೆಟ್ಟಗೆ ಸರಿಯುತ್ತದೆ. ನಮ್ಮ ಭಾಗದ ಹೊರಸು ಇದಕ್ಕೆ ಹತ್ತಿರದ ಹೋಲಿಕೆ. ನಾಲ್ಕು ಕಾಲಿನ ಬಿಗಿಯಾದ ಮೇಜು ಅಂಗಳದ ಏರುತಗ್ಗಿನಲ್ಲಿ ಕುಂಟುತ್ತದೆ. ಹಗ್ಗದಿಂದ ಹೆಣೆದ ಹೊರಸಿನ ಚೌಕಟ್ಟು ಮಣಿದು ನಾಲ್ಕು ಕಾಲನ್ನೂ ನೆಲಕ್ಕೆ ಊರುತ್ತದೆ.

ಎರಡಕ್ಕೂ ಮಿತಿಯಿದೆ. ಸಡಿಲು ಅತಿಯಾದರೆ ಹಲ್ಲುಗಳು ತಾಗುವ ಬದಲು ಬಡಿಯುತ್ತವೆ. ಬಳೆ ತೀರ ತೆಳುವಾದರೆ ಗ್ರಹ ಹಾಯ್ದಂತೆಲ್ಲ ಬಾಗಿ ಬಾಗಿ ಹಲ್ಲಿನ ಬುಡದಲ್ಲಿಯೇ ಬಿರುಕು ಹುಟ್ಟುತ್ತದೆ. ಹಂಚಿಕೆಯ ಲಾಭ ಒಂದು ಕಡೆ, ಬಾಗುವಿಕೆಯ ದಣಿವು ಇನ್ನೊಂದು ಕಡೆ. ಇವೆರಡರ ನಡುವಿನ ಹದವನ್ನು ಕಾಣಲು ಎಂಜಿನಿಯರು ಚಕ್ರವನ್ನು ಸಾವಿರಾರು ಕಿರುಭಾಗಗಳಾಗಿ ಒಡೆದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾನೆ. ಬಡಿಗ ಅದನ್ನು ಬೆಣೆಯಿಂದ ಕಂಡುಕೊಂಡ. ಗಾಣದ ಚೌಕಟ್ಟಿನಲ್ಲಿ ಬೆಣೆಯನ್ನು ಒಂದು ಪೆಟ್ಟು ಒಳಕ್ಕೆ ಬಡಿದರೆ ಉರುಳೆಗಳು ಹತ್ತಿರವಾಗಿ ರಸ ಹೆಚ್ಚುತ್ತದೆ, ಹಲ್ಲಿನ ಭಾರವೂ ಹೆಚ್ಚುತ್ತದೆ. ಒಂದು ಪೆಟ್ಟು ಹೊರಕ್ಕೆ ಬಂದರೆ ಹಲ್ಲು ಉಳಿಯುತ್ತದೆ, ರಸ ಸಿಪ್ಪೆಯಲ್ಲಿ ಹೋಗುತ್ತದೆ. ಕಿವಿಯಿಂದ ಸದ್ದನ್ನು, ಕಣ್ಣಿಂದ ಸಿಪ್ಪೆಯ ತೇವವನ್ನು, ಎತ್ತಿನ ನಡಿಗೆಯಿಂದ ಎಳೆತವನ್ನು ತಿಳಿದು ಹಾಕುವ ಪೆಟ್ಟು ಅದು.

ಇಷ್ಟು ಹೇಳಿದ ಮೇಲೆ ವ್ಯತ್ಯಾಸವನ್ನೂ ಸ್ಪಷ್ಟಪಡಿಸಬೇಕು. ಮೂರು ಉರುಳೆಗಳ ಗಾಣದಲ್ಲಿ ಪಕ್ಕದ ಉರುಳೆಗಳು ನಿಂತಲ್ಲೇ ತಿರುಗುತ್ತವೆ, ನಡುವಿನದನ್ನು ಸುತ್ತುವುದಿಲ್ಲ. ಆದ್ದರಿಂದ ಅದು ಗ್ರಹಚಕ್ರವಲ್ಲ. ಗಾರೆಗಾಣದಲ್ಲಿ ಸುತ್ತುವ ಚಕ್ರವಿದೆ, ಹಲ್ಲಿಲ್ಲ. ಬಡಿಗನ ಅರಿವು ಒಂದು ಗಾಣಕ್ಕೆ, ಒಂದು ಮರಕ್ಕೆ, ಒಂದು ಕೈಗೆ ಸೇರಿದ್ದು. ಲೂಯಿಸನ ಸೂತ್ರ ಮಾಡಿನೋಡದ ಚಕ್ರಕ್ಕೂ ಅನ್ವಯಿಸುತ್ತದೆ. ಇವು ತಾಯಿ ಮಗು ಅಲ್ಲ, ಒಂದೇ ಕಷ್ಟಕ್ಕೆ ಎರಡು ನೆಲೆಯಲ್ಲಿ ಹುಟ್ಟಿದ ಉತ್ತರಗಳು. ಬಿಗಿಯೊಂದೇ ಬಲವಲ್ಲ, ಭಾರ ಹಂಚಿಹೋಗಬೇಕಾದರೆ ಯಾವುದಾದರೊಂದು ಅಂಗ ಮಣಿಯಲೇಬೇಕು ಎಂಬಲ್ಲಿ ಎರಡೂ ಕೂಡುತ್ತವೆ.

8. ಮತ್ತೆ ಕಬ್ಬಿಗೆ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹುಮನಾಬಾದ ತಾಲ್ಲೂಕಿನ ಹಳ್ಳಿಖೇಡ (ಬಿ) ಬಳಿ ಬೀದರ ಸಹಕಾರಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದ ಮೇಲೆ ಈ ಭಾಗದ ಕಬ್ಬಿನ ದಾರಿ ಬದಲಾಯಿತು. ಗಾಣದ ಕಡೆ ಹೋಗುತ್ತಿದ್ದ ಬಂಡಿಗಳು ಕಾರ್ಖಾನೆಯ ಅಂಗಳದಲ್ಲಿ ಸಾಲುಗಟ್ಟಿದವು.

ಸಕ್ಕರೆ ಕಾರ್ಖಾನೆಗಳ ಅರೆಯುವ ಯಂತ್ರದಲ್ಲಿಯೂ ಇರುವುದು ಮೂರು ಉರುಳೆಗಳೇ, ಈಗ ಅವು ಮಲಗಿವೆ. ನಿಮಿಷಕ್ಕೆ ನಾಲ್ಕೈದು ಸುತ್ತು ತಿರುಗುವ ಈ ಉರುಳೆಗಳನ್ನು ನಿಮಿಷಕ್ಕೆ ಸಾವಿರ ಸುತ್ತು ತಿರುಗುವ ಮೋಟಾರಿಗೆ ಕೂಡಿಸಲು ವೇಗವನ್ನು ಇನ್ನೂರು ಪಟ್ಟಿಗೂ ಮಿಕ್ಕಿ ತಗ್ಗಿಸಬೇಕಾಗುತ್ತದೆ. ಇತ್ತೀಚಿನ ದಶಕಗಳಲ್ಲಿ ಭಾರತದ ಅನೇಕ ಕಾರ್ಖಾನೆಗಳಲ್ಲಿ ಈ ಕೆಲಸವನ್ನು ಗ್ರಹಚಕ್ರದ ಗಿಯರ್ ಪೆಟ್ಟಿಗೆಗಳು ನಿರ್ವಹಿಸುತ್ತಿವೆ. ಇಂಥ ಯಂತ್ರದಲ್ಲಿ ಮೇಲಿನ ಉರುಳೆಯನ್ನು ಬಿಗಿಯಾಗಿ ಕೂರಿಸುವುದಿಲ್ಲ. ಎಣ್ಣೆಯ ಒತ್ತಡದ ಕೆಳಗೆ ಅದು ತೇಲುತ್ತದೆ. ಕಬ್ಬಿನ ಪದರ ದಪ್ಪವಾದಾಗ ಏಳುತ್ತದೆ, ತೆಳುವಾದಾಗ ಇಳಿಯುತ್ತದೆ, ಭಾರ ಹೆಚ್ಚುಕಡಿಮೆ ಒಂದೇ ಇರುತ್ತದೆ. ಏರಿಳಿಯುವ ಉರುಳೆಗೆ ಶಕ್ತಿ ದಾಟಿಸಲು ನಡುವೆ ಇಡುವ ದಂಡದ ಚೌಕತುದಿಗಳನ್ನು ಉದ್ದೇಶಪೂರ್ವಕವಾಗಿ ಸಡಿಲಾಗಿ ಕೂಡಿಸುವುದು ಹಳೆಯ ರೂಢಿ. ಎಣ್ಣೆಗಾಣದ ಒತ್ತುಗೂಟವನ್ನೂ ಗಾರೆಗಾಣದ ಅಚ್ಚನ್ನೂ ನೋಡಿದವರು ಇಲ್ಲಿ ಹಳೆಯ ಪರಿಚಿತರನ್ನೇ ಕಾಣುತ್ತಾರೆ.

ಗದಗ, ಚಿತ್ರದುರ್ಗಗಳ ಗುಡ್ಡಗಳ ಮೇಲಿನ ಗಾಳಿಯಂತ್ರಗಳದು ಇದಕ್ಕೆ ವಿಲೋಮ ಸ್ಥಿತಿ. ಅಲ್ಲಿ ನಿಧಾನ ತಿರುಗುವ ರೆಕ್ಕೆಯ ವೇಗವನ್ನು ಹೆಚ್ಚಿಸಬೇಕು. ಗಿಯರ್ ಪೆಟ್ಟಿಗೆಯುಳ್ಳ ಗಾಳಿಯಂತ್ರಗಳಲ್ಲಿ ಸಾಮಾನ್ಯವಾಗಿ ಮೊದಲ ಹಂತ ಗ್ರಹಚಕ್ರದ್ದೇ. ಗಾಳಿಯ ಹೊಡೆತ ಎತ್ತಿನ ಎಳೆತಕ್ಕಿಂತ ಅನಿಯತ. ಇಂಥ ಪೆಟ್ಟಿಗೆಗಳು ನಿರೀಕ್ಷಿತ ಅವಧಿಗೆ ಮೊದಲೇ ಕೆಡುತ್ತಿದ್ದುದರಿಂದ 2007ರಲ್ಲಿ ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ ಅದರ ಕಾರಣ ಹುಡುಕಲು ಸಹಭಾಗಿ ಸಂಶೋಧನೆಯೊಂದನ್ನು ಆರಂಭಿಸಿತು. ಭಾರದ ಹಂಚಿಕೆ ಇಂದಿಗೂ ಪೂರ್ತಿ ಬಗೆಹರಿದ ಪ್ರಶ್ನೆಯಲ್ಲ ಎಂಬುದಕ್ಕೆ ಇದು ನಿದರ್ಶನ.

9. ಸಮಾರೋಪ

ಒಟ್ಟಾರೆಯಾಗಿ, ಮುಡಬಿ ಪರಿಸರದ ಗಾಣಗಳ ಚರಿತ್ರೆ ಎರಡು ವಿಚಾರಗಳನ್ನು ಮುಂದಿಡುತ್ತದೆ. ಮೊದಲನೆಯದು ಜನಪದ ತಂತ್ರಜ್ಞಾನದ ಸ್ವರೂಪಕ್ಕೆ ಸಂಬಂಧಿಸಿದ್ದು. ಅಲ್ಲಿ ಒರಟುತನ, ಅಂದಾಜು, ಸಡಿಲು ಎಂದು ಕಂಡದ್ದರಲ್ಲಿ ಕೆಲವಾದರೂ ಭಾರವನ್ನು ಅರಿತು ಮಾಡಿದ ಆಯ್ಕೆಗಳು. ಯಾವುದು ಆಯ್ಕೆ, ಯಾವುದು ಅನಿವಾರ್ಯತೆ ಎಂದು ವಿಂಗಡಿಸಲು ಹೊಗಳಿಕೆ ಸಾಲದು, ಅಳತೆ ಬೇಕು. ಹಲ್ಲಿನ ಎತ್ತರ, ಬುಡದ ದಪ್ಪ, ಸಂದಿನ ಅಗಲ, ಮರದ ಜಾತಿ, ಎಳೆಯ ದಿಕ್ಕು ಇವನ್ನು ದಾಖಲಿಸಿದರೆ ಮಾತ್ರ ಬಡಿಗನ ವಿವೇಕವನ್ನು ಲೂಯಿಸನ ಸೂತ್ರದ ಪಕ್ಕದಲ್ಲಿಟ್ಟು ತೂಗಬಹುದು.

ಎರಡನೆಯದು ನಮ್ಮ ಶಿಸ್ತಿಗೆ ಸಂಬಂಧಿಸಿದ್ದು. ಜಾರ್ಜ್ ಗ್ರಿಯರ್ಸನ್ 1885ರಲ್ಲಿಯೇ ಬಿಹಾರದ ರೈತಜೀವನವನ್ನು ಕುರಿತ ಗ್ರಂಥದಲ್ಲಿ ಗಾಣದ ಒಂದೊಂದು ಅಂಗದ ಹೆಸರನ್ನೂ ಪಟ್ಟಿಮಾಡಿದ. ಬಸವಕಲ್ಯಾಣ, ಹುಮನಾಬಾದಗಳ ಊರುಗಳಲ್ಲಿ ಹಿತ್ತಿಲಿನ ಕಲ್ಲುಚಕ್ರ, ದೇವಸ್ಥಾನದ ಕಟ್ಟೆಗೆ ಒರಗಿಸಿದ ಒರಳು, ಅಟ್ಟದ ಮೇಲಿನ ಉರುಳೆ ಇನ್ನೂ ದೊರೆಯಬಹುದಾದ ಕಾಲವಿದು. ಮುಂದಿನ ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಯ ಚೀಲದಲ್ಲಿ ಧ್ವನಿಮುದ್ರಣ ಯಂತ್ರದ ಜೊತೆಗೆ ಅಳತೆಪಟ್ಟಿಯೂ ಇರಲಿ. ನಾನು ಕೇಳದೆ ಬಂದ ಪ್ರಶ್ನೆಯನ್ನು ಅವರು ಕೇಳಲಿ. ಸಡಿಲು ಇರಬೇಕು ಎಂದ ಹಿರಿಯರು, ಎಷ್ಟು ಇರಬೇಕು ಎಂಬುದನ್ನೂ ಬಲ್ಲವರಾಗಿದ್ದರು.